ರೈತರ ಮನೆಯಲ್ಲಿ ಗಾಜಿನ ಒಲೆ: ಸಾಧಕ-ಬಾಧಕಗಳು



ಬೇಸಾಯ ಶಾಸ್ತ್ರದವನಾದ ನಾನು ಬಿತ್ತನೆ, ಗೊಬ್ಬರ, ಕಳೆಗಳ ವಿಷಯ ಬಿಟ್ಟು ಅಡುಗೆಮನೆಯ ಒಲೆಯ ಬಗ್ಗೆ ಬರೆಯುತ್ತಿರುವುದನ್ನು ಕಂಡು ನಿಮಗೆ ಆಶ್ಚರ್ಯವಾಗಬಹುದು. ಆದರೆ ಯೋಚಿಸಿ ನೋಡಿ. ಹೊಲದಿಂದ ಬಂದ ಹತ್ತಿಕಟ್ಟಿಗೆ, ಕೊಟ್ಟಿಗೆಯಿಂದ ಬಂದ ಸಗಣಿ ಎಲ್ಲಿಗೆ ಹೋಗಬೇಕೆಂಬುದನ್ನು ನಿರ್ಧರಿಸುವುದು ಒಲೆಯೇ. ಒಲೆ ಬದಲಾದರೆ ತಿಪ್ಪೆ ಬದಲಾಗುತ್ತದೆ, ತಿಪ್ಪೆ ಬದಲಾದರೆ ಹೊಲವೂ ಬದಲಾಗುತ್ತದೆ. ಆದುದರಿಂದ ಒಲೆಯ ಆಯ್ಕೆಯೂ ಬೇಸಾಯದ ಒಂದು ಭಾಗವೆಂದೇ ತಿಳಿಯತಕ್ಕದ್ದು.

ಇತ್ತೀಚಿನ ವರ್ಷಗಳಲ್ಲಿ ಕುಂದಗೋಳ, ಸಂಶಿ, ಗುಡಗೇರಿ, ಯರಗುಪ್ಪಿ ಕಡೆಯ ಅನೇಕ ಮನೆಗಳಿಗೆ ಗಾಜಿನ ಮೇಲ್ಮೈಯ ಒಲೆಗಳು ಬಂದಿವೆ. ಮದುವೆಯ ಉಡುಗೊರೆಯಾಗಿ ಬಂದವು ಕೆಲವು, ಹುಬ್ಬಳ್ಳಿಯ ಅಂಗಡಿಯಿಂದ ಆಸೆಪಟ್ಟು ತಂದವು ಕೆಲವು. ಇವುಗಳಿಂದ ಆಗುವ ಅನುಕೂಲವೇನು, ತೊಂದರೆಯೇನು, ನಮ್ಮ ಭಾಗದ ಅಡುಗೆಗೆ ಇವು ಎಷ್ಟರ ಮಟ್ಟಿಗೆ ಹೊಂದುತ್ತವೆ ಎಂಬುದನ್ನು ಇಲ್ಲಿ ವಿಚಾರ ಮಾಡೋಣ.

ಎಳ್ಳಮಾವಾಸ್ಯೆಯ ಮುನ್ನಾದಿನ

ಮೊದಲು ನಮ್ಮ ಮನೆತನದಲ್ಲೇ ನಡೆದ ಒಂದು ಸಂಗತಿ ಹೇಳುತ್ತೇನೆ. ಕುಂದಗೋಳ ತಾಲೂಕಿನ ಒಂದು ಹಳ್ಳಿಯಲ್ಲಿ ನನ್ನ ಅಕ್ಕನ ಮನೆ. ಮಗನ ಮದುವೆಯಲ್ಲಿ ಬಂದ ಎರಡು ಉರಿಯ ಗಾಜಿನ ಒಲೆ ಅವಳಿಗೆ ಬಹಳ ಮೆಚ್ಚುಗೆಯಾಗಿತ್ತು. ಎಳ್ಳಮಾವಾಸ್ಯೆಯ ಮುನ್ನಾದಿನ ಚರಗಕ್ಕೆಂದು ಕಡಕ್ ರೊಟ್ಟಿ ಬಡಿಯಲು ಕುಳಿತಳು. ದೊಡ್ಡ ಕಬ್ಬಿಣದ ಹಂಚು ಇಟ್ಟು, ಉರಿ ದೊಡ್ಡದು ಮಾಡಿ, ಎರಡು ತಾಸಿಗೂ ಮೇಲ್ಪಟ್ಟು ಬೇಯಿಸಿದಳು. ರೊಟ್ಟಿಯ ಮೇಲೆ ನೀರು ಸವರುವ ಅರಿವೆಯಿಂದ ಹನಿ ಒಲೆಯ ಮೇಲೆ ಬೀಳುತ್ತಲೇ ಇತ್ತು. ಒಮ್ಮೆಲೇ ಪಟಾಕಿ ಸಿಡಿದಂತೆ ಸಪ್ಪಳವಾಗಿ ಗಾಜು ಪುಡಿಪುಡಿಯಾಯಿತು. ಹಂಚು ಓರೆಯಾಗಿ ಜಾರಿತು. ದೈವಕೃಪೆಯಿಂದ ಯಾರಿಗೂ ಪೆಟ್ಟಾಗಲಿಲ್ಲ.

ಗಾಜು ಒಡೆದದ್ದಕ್ಕಿಂತ ದೊಡ್ಡ ನಷ್ಟ ಆಮೇಲೆ ಆಯಿತು. "ಆ ಒಲಿ ಸವಾಸ ಬ್ಯಾಡಪಾ, ನಮ್ಮ ಮಣ್ಣಿನ ಒಲಿನ ಛಲೋ" ಎಂದು ಅಕ್ಕ ಸಿಲಿಂಡರನ್ನು ಮೂಲೆಗೆ ಸರಿಸಿ ಮತ್ತೆ ಹಿತ್ತಲಿನ ಒಲೆಗೆ ಹೋದಳು. ಎರಡು ತಿಂಗಳ ನಂತರ ನಾನು ಹೋದಾಗ ಗೋಡೆಗೆ ಒತ್ತಿ ಹತ್ತಿಕಟ್ಟಿಗೆಯ ಬಣವೆ ಎದ್ದಿತ್ತು, ಬಿಸಿಲಿಗೆ ಕುಳ್ಳು ಒಣಗುತ್ತಿದ್ದವು, ಅಕ್ಕನಿಗೆ ಹಳೆಯ ಕೆಮ್ಮು ಮರಳಿತ್ತು. ಒಂದು ತುಂಡು ಗಾಜು ಒಂದು ಮನೆಯನ್ನು ಹೊಗೆಗೆ ಹಿಂದಿರುಗಿಸಿತ್ತು. ಈ ಲೇಖನ ಬರೆಯಲು ಅದೇ ಕಾರಣ.

ಗಾಜಿನ ಒಲೆ ಎಂದರೆ ಎರಡು ಬಗೆ

ಅಂಗಡಿಯಲ್ಲಿ ಗಾಜಿನ ಒಲೆ ಎಂದು ಮಾರುವ ವಸ್ತುಗಳಲ್ಲಿ ಎರಡು ಬೇರೆ ಬೇರೆ ಜಾತಿಗಳಿವೆ. ಇವೆರಡರ ವ್ಯತ್ಯಾಸವನ್ನು ತಿಳಿಯುವುದು ಅವಶ್ಯ.

ಮೊದಲನೆಯದು ಗ್ಯಾಸ್ ಒಲೆ. ಇದರ ಮೇಲಿನ ಹಲಗೆ ಮಾತ್ರ ಗಾಜಿನದು. ಇದು ಹದಗೊಳಿಸಿದ ಗಾಜು. ಸಾಮಾನ್ಯ ಗಾಜನ್ನು ಅಳತೆಗೆ ಕತ್ತರಿಸಿ, ರಂಧ್ರ ಕೊರೆದು, ಅಂಚು ಉಜ್ಜಿ, 600 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿಗೆ ಕಾಯಿಸಿ, ಕೂಡಲೇ ತಣ್ಣನೆಯ ಗಾಳಿ ಊದಿ ಆರಿಸುತ್ತಾರೆ. ಮೇಲ್ಪದರ ಮೊದಲು ಗಟ್ಟಿಯಾಗುತ್ತದೆ. ಒಳಗಿನ ಗಾಜು ಆಮೇಲೆ ಆರಿ ಕುಗ್ಗುವಾಗ ಮೇಲ್ಪದರವನ್ನು ಬಿಗಿಹಿಡಿಯುತ್ತದೆ. ಕಾಸಿದ ಕಬ್ಬಿಣದ ಹಳಿಯನ್ನು ಬಂಡಿಯ ಗಾಲಿಗೆ ತೊಡಿಸಿ ನೀರು ಸುರಿದರೆ ಅದು ಕುಗ್ಗಿ ಮರವನ್ನು ಬಿಗಿಹಿಡಿಯುವುದಿಲ್ಲವೇ? ಹಾಗೆಯೇ ಇದು. ಈ ಬಿಗಿತದಿಂದಲೇ ಈ ಗಾಜು ಸಾಮಾನ್ಯ ಗಾಜಿಗಿಂತ ನಾಲ್ಕೈದು ಪಟ್ಟು ಬಲವಾಗಿರುತ್ತದೆ. ಆದರೆ ಒಮ್ಮೆ ಎಲ್ಲಿಯಾದರೂ ಆ ಬಿಗಿ ತಪ್ಪಿತೆಂದರೆ ಇಡೀ ಹಲಗೆ ಒಂದೇ ಕ್ಷಣದಲ್ಲಿ ಸಣ್ಣ ಹರಳುಗಳಾಗಿ ಉದುರುತ್ತದೆ. ಚೂಪಾದ ಉದ್ದ ಚೂರುಗಳಾಗದೆ ಹರಳಾಗುವುದು ಒಂದು ರೀತಿಯಲ್ಲಿ ನಮ್ಮ ರಕ್ಷಣೆಗೇ ಸರಿ.

ಎರಡನೆಯದು ವಿದ್ಯುತ್ತಿನಿಂದ ನಡೆಯುವ ಇಂಡಕ್ಷನ್ ಒಲೆ. ಇದರ ಮೇಲ್ಮೈ ಗಾಜು-ಪಿಂಗಾಣಿ ಎಂಬ ಬೇರೆಯೇ ವಸ್ತು. ಇದು ದೊರೆತದ್ದು ಒಂದು ಆಕಸ್ಮಿಕದಿಂದ. ಅಮೆರಿಕದ ಕಾರ್ನಿಂಗ್ ಕಂಪನಿಯ ವಿಜ್ಞಾನಿ ಡೊನಾಲ್ಡ್ ಸ್ಟೂಕಿ 1953ರಲ್ಲಿ ಗಾಜಿನ ತುಂಡೊಂದನ್ನು 600 ಡಿಗ್ರಿಗೆ ಕಾಯಿಸಲು ಇಟ್ಟಿದ್ದರು. ಕುಲುಮೆ ಕೆಟ್ಟು 900 ಡಿಗ್ರಿಗೆ ಏರಿತು. ಗಾಜು ಕರಗಿ ಹೋಗಿರಬೇಕೆಂದು ತೆರೆದು ನೋಡಿದರೆ ಅದು ಬೆಳ್ಳಗಾಗಿ ಗಟ್ಟಿಯಾಗಿ ಕುಳಿತಿತ್ತು. ಇಕ್ಕಳದಿಂದ ಜಾರಿ ನೆಲಕ್ಕೆ ಬಿದ್ದರೂ ಒಡೆಯಲಿಲ್ಲ. ಈ ವಸ್ತು ಕಾದಾಗ ಬಹುಮಟ್ಟಿಗೆ ಹಿಗ್ಗುವುದಿಲ್ಲ. ಆದುದರಿಂದ ಬಿಸಿ-ತಂಪಿನ ಏರುಪೇರಿಗೆ ಇದು ಹದಗೊಳಿಸಿದ ಗಾಜಿಗಿಂತ ಬಹಳ ಹೆಚ್ಚು ತಾಳುತ್ತದೆ. ಆದರೆ ಭಾರವಾದ ವಸ್ತು ಮೇಲೆ ಬಿದ್ದರೆ ಇದೂ ಸೀಳುತ್ತದೆ.

ಗ್ಯಾಸಿನ ಗಾಜಿನ ಒಲೆಯ ಅನುಕೂಲಗಳು

1. ಒರೆಸುವುದು ಸುಲಭ. ಸಾರು, ಹಾಲು ಉಕ್ಕಿದರೆ ಆರಿದ ಮೇಲೆ ಒಂದು ಒದ್ದೆ ಅರಿವೆ ಸಾಕು.

2. ತುಕ್ಕು ಹಿಡಿಯುವುದಿಲ್ಲ. ಅಗ್ಗದ ತಗಡಿನ ಒಲೆಗಳಲ್ಲಿ ಉಪ್ಪು, ಹುಳಿ ಬಿದ್ದ ಜಾಗ ಕೆಲವೇ ವರ್ಷಗಳಲ್ಲಿ ತೂತಾಗುತ್ತದೆ.

3. ನೋಟಕ್ಕೆ ಚೆಂದ. ಇದನ್ನು ಹಗುರವಾಗಿ ಕಾಣಬೇಡಿ. ದಿನಕ್ಕೆ ನಾಲ್ಕೈದು ತಾಸು ಅಡುಗೆಮನೆಯಲ್ಲಿ ಕಳೆಯುವ ಹೆಣ್ಣುಮಗಳಿಗೆ ಶುಭ್ರವಾದ ಒಲೆಯೊಂದು ಸಂತೋಷ ಕೊಡುವುದಾದರೆ ಅದೂ ಲಾಭವೇ.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ತೆಗೆದುಹಾಕಬೇಕು. ಗಾಜಿನ ಒಲೆಯಲ್ಲಿ ಗ್ಯಾಸು ಉಳಿಯುತ್ತದೆ ಎಂದು ಕೆಲವರು ಹೇಳುವುದುಂಟು. ಇದು ಸರಿಯಲ್ಲ. ಗ್ಯಾಸಿನ ಉಳಿತಾಯ ನಿಂತಿರುವುದು ಬರ್ನರಿನ ಮೇಲೆಯೇ ಹೊರತು ಹಲಗೆಯ ಮೇಲಲ್ಲ. ಭಾರತೀಯ ಮಾನಕ ಐ.ಎಸ್. 4246ರ ಪ್ರಕಾರ ಗ್ಯಾಸ್ ಒಲೆ ತನ್ನ ಉರಿಯ ಶಾಖದಲ್ಲಿ ಕನಿಷ್ಠ ಶೇಕಡಾ 68ರಷ್ಟನ್ನು ಪಾತ್ರೆಗೆ ಮುಟ್ಟಿಸಬೇಕು. ಉಕ್ಕಿನ ಒಲೆಗೂ ಗಾಜಿನ ಒಲೆಗೂ ಅದೇ ನಿಯಮ. ಹೆಚ್ಚಿಗೆ ಕೊಡುವ ಹಣ ನೋಟಕ್ಕೆ ಮತ್ತು ಸ್ವಚ್ಛತೆಗೆ ಎಂಬುದು ನೆನಪಿರಲಿ.

ಅನಾನುಕೂಲಗಳು

ಗಾಜಿನ ಒಲೆಗೆ ನಮ್ಮ ಜೋಳದ ರೊಟ್ಟಿಗಿಂತ ಕಠಿಣ ಪರೀಕ್ಷೆ ಇಲ್ಲ. ಕಾರಣಗಳನ್ನು ನೋಡಿ.

1. ರೊಟ್ಟಿಯ ಹಂಚು ಅಗಲವಾಗಿರುತ್ತದೆ. ಅದು ಬರ್ನರನ್ನು ಪೂರ್ತಿ ಮುಚ್ಚುವುದರಿಂದ ಉರಿ ಮೇಲಕ್ಕೆ ಹೋಗಲಾರದೆ ಬದಿಗೆ ಹರಡಿ ಗಾಜಿನ ಕಡೆಗೆ ತಿರುಗುತ್ತದೆ. 200 ಡಿಗ್ರಿಗೂ ಮೇಲೆ ಕಾದ ಹಂಚು ತಾನೂ ಕೆಳಗಿನ ಗಾಜನ್ನು ಕಾಯಿಸುತ್ತಿರುತ್ತದೆ. ಒಂದು ಪಾತ್ರೆ ಅನ್ನಕ್ಕೆ ಅರ್ಧ ತಾಸು, ಆದರೆ ಮನೆಮಂದಿಗೆಲ್ಲ ರೊಟ್ಟಿಗೆ ತಾಸುಗಟ್ಟಲೆ ಉರಿ.

2. ರೊಟ್ಟಿಗೆ ನೀರು ಸವರಲೇಬೇಕು. ಕಾದ ಗಾಜಿನ ಮೇಲೆ ತಣ್ಣೀರು ಬಿದ್ದರೆ ಬಿದ್ದ ಜಾಗ ಒಮ್ಮೆಲೇ ಕುಗ್ಗುತ್ತದೆ, ಸುತ್ತಲಿನ ಜಾಗ ಹಿಗ್ಗಿಯೇ ಇರುತ್ತದೆ. ಹದಗೊಳಿಸಿದ ಗಾಜು ಇಂಥ ಏರುಪೇರನ್ನು ಸುಮಾರು 200 ಡಿಗ್ರಿಯವರೆಗೆ ತಾಳಬಲ್ಲದು. ಆದರೆ ಅದು ಹೊಸ, ಗೀರಿಲ್ಲದ ಗಾಜಿನ ಮಾತು. ಗೀರು ಬಿದ್ದ ಗಾಜಿನ ಶಕ್ತಿ ಅಷ್ಟಿಲ್ಲ.

3. ನಮ್ಮಲ್ಲಿ ಪಾತ್ರೆಯನ್ನೂ ಒಲೆಯನ್ನೂ ಬೂದಿ, ಮಣ್ಣು ಹಚ್ಚಿ ತಿಕ್ಕುವ ರೂಢಿ ಇದೆ. ಗಾಜಿಗೆ ಇದು ಶತ್ರು. ಕಣ್ಣಿಗೆ ಕಾಣದ ಗೀರುಗಳೇ ಮುಂದೆ ಸೀಳಿಗೆ ದಾರಿ.

4. ಈ ಗಾಜಿನ ದುರ್ಬಲ ಭಾಗ ಅದರ ಅಂಚು. ನಡುವೆ ಪಾತ್ರೆ ಕುಕ್ಕಿದರೂ ತಾಳುವ ಗಾಜು, ಅಂಚಿಗೆ ತಂಬಿಗೆ ತಗುಲಿದರೆ ಒಡೆಯಬಹುದು. ಒಲೆಯನ್ನು ನೆಲದ ಮೇಲಿಟ್ಟು ಕುಳಿತು ಅಡುಗೆ ಮಾಡುವ ಮನೆಗಳಲ್ಲಿ ಈ ಅಪಾಯ ಹೆಚ್ಚು.

5. ಬಹಳ ಅಪರೂಪವಾಗಿ ಈ ಗಾಜು ಯಾವ ಕಾರಣವೂ ಕಾಣದೆ ತಾನಾಗಿಯೇ ಒಡೆಯುವುದುಂಟು. ಗಾಜು ತಯಾರಾಗುವಾಗ ಅದರಲ್ಲಿ ಸೇರಿದ ನಿಕ್ಕಲ್ ಸಲ್ಫೈಡಿನ ಅತಿಸಣ್ಣ ಕಣವು ಕಾಲಾನಂತರ ಹಿಗ್ಗಿ ಒಳಗಿನಿಂದ ಸೀಳುವುದೇ ಇದಕ್ಕೆ ಮುಖ್ಯ ಕಾರಣ. ಕೊಳ್ಳುವವರು ಇದನ್ನು ಮುಂಚಿತವಾಗಿ ಕಂಡುಹಿಡಿಯಲಾರರು.

6. ಉಕ್ಕಿನ ಒಲೆ ಡೊಂಕಾದರೂ ಕೆಲಸ ನಡೆಯುತ್ತದೆ. ಗಾಜು ಒಡೆದರೆ ಆ ಹೊತ್ತಿನ ಅಡುಗೆ ನಿಂತಂತೆಯೇ. ಹಳ್ಳಿಯಲ್ಲಿ ಬದಲಿ ಗಾಜು ಸಿಗುವುದಿಲ್ಲ.

ವಿದ್ಯುತ್ತಿನ ಗಾಜಿನ ಒಲೆ

ಇಂಡಕ್ಷನ್ ಒಲೆಯಲ್ಲಿ ಉರಿಯಿಲ್ಲ. ಕಾಂತಶಕ್ತಿಯಿಂದ ಪಾತ್ರೆಯ ತಳವೇ ಕಾಯುತ್ತದೆ. ಆದುದರಿಂದ ಶಾಖದ ನಷ್ಟ ಕಡಿಮೆ, ಅಡುಗೆಮನೆಯಲ್ಲಿ ಸೆಕೆಯೂ ಕಡಿಮೆ. ಚಹಾ, ಹಾಲು, ಅನ್ನ, ಬೇಳೆಗೆ ಇದು ಬಹಳ ಅನುಕೂಲ.

ಖರ್ಚಿನ ಲೆಕ್ಕ ಹೀಗಿದೆ. 14.2 ಕಿಲೋ ತೂಕದ ಒಂದು ಸಿಲಿಂಡರಿನ ಗ್ಯಾಸು ಪಾತ್ರೆಗೆ ಕೊಡುವಷ್ಟು ಶಾಖವನ್ನು ಇಂಡಕ್ಷನ್ ಒಲೆಯಿಂದ ಪಡೆಯಲು ಸುಮಾರು 140ರಿಂದ 150 ಯೂನಿಟ್ ವಿದ್ಯುತ್ ಬೇಕು. ನಿಮ್ಮ ಬಿಲ್ಲಿನಲ್ಲಿ ಒಂದು ಯೂನಿಟ್ಟಿಗೆ ಬೀಳುವ ದರದಿಂದ ಇದನ್ನು ಗುಣಿಸಿ, ಸಿಲಿಂಡರಿನ ಬೆಲೆಯೊಡನೆ ಹೋಲಿಸಿ ನೋಡಿರಿ. ಗೃಹಜ್ಯೋತಿ ಯೋಜನೆಯ ಸೌಲಭ್ಯ ಪಡೆಯುವವರು ತಮ್ಮ ಮಿತಿಯಲ್ಲಿ ಎಷ್ಟು ಯೂನಿಟ್ ಉಳಿದಿದೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಇದರ ಮಿತಿಗಳೂ ಸ್ಪಷ್ಟವಾಗಿವೆ. ಮಣ್ಣಿನ ಗಡಿಗೆ, ಹಿತ್ತಾಳೆ, ತಾಮ್ರ ಮತ್ತು ಸಾದಾ ಅಲ್ಯುಮಿನಿಯಂ ಪಾತ್ರೆಗಳು ಇದರ ಮೇಲೆ ಕಾಯುವುದಿಲ್ಲ. ತಳಕ್ಕೆ ಅಯಸ್ಕಾಂತ ಅಂಟಿದರೆ ಮಾತ್ರ ಆ ಪಾತ್ರೆ ನಡೆಯುತ್ತದೆ. ಕಬ್ಬಿಣದ ಹಂಚು ನಡೆದೀತು, ಆದರೆ ಅದರ ತಳ ಸಪಾಟಾಗಿರಬೇಕು. ರೊಟ್ಟಿಯನ್ನು ಕೊನೆಗೆ ಉರಿಗೆ ಹಿಡಿದು ಉಬ್ಬಿಸಲು ಇಲ್ಲಿ ಉರಿಯೇ ಇಲ್ಲ. ಬೆಲ್ಲದ ಪಾಕ ಉಕ್ಕಿ ಬಿಸಿ ಮೇಲ್ಮೈಗೆ ಅಂಟಿ ಗಟ್ಟಿಯಾದರೆ ಕೀಳುವಾಗ ಹೊಪ್ಪಳಿಕೆ ಏಳಬಹುದು. ಒಲೆಯೊಂದು 1200ರಿಂದ 2000 ವ್ಯಾಟ್ ಎಳೆಯುವುದರಿಂದ ಹಳೆಯ ತೆಳು ವೈರಿಗೆ ಜೋಡಿಸಕೂಡದು. ಕರೆಂಟು ಹೋದರೆ ಅಡುಗೆಯೂ ನಿಲ್ಲುತ್ತದೆ. ಆದುದರಿಂದ ರೈತರ ಮನೆಯಲ್ಲಿ ಇದು ಎರಡನೆಯ ಒಲೆಯಾಗಿರಲಿ, ಒಂದೇ ಒಲೆಯಾಗುವುದು ಬೇಡ.

ಒಲೆಗೂ ಹೊಲಕ್ಕೂ ಇರುವ ನಂಟು

ಇಷ್ಟೆಲ್ಲ ತೊಂದರೆ ಕೇಳಿ "ಹಾಗಾದರೆ ಕಟ್ಟಿಗೆ ಒಲೆಯೇ ಲೇಸು" ಎಂದು ನೀವು ಹೇಳಬಾರದು. ನನ್ನ ಅಕ್ಕ ಮಾಡಿದ ತಪ್ಪೇ ಅದು. ಅದರಿಂದ ಆಗುವ ನಷ್ಟ ಮೂರು.

ಒಂದನೆಯದು ಆರೋಗ್ಯ. ಮನೆಯೊಳಗಿನ ಒಲೆಯ ಹೊಗೆಯ ದೆಸೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಸತ್ತರೆಂದು ವಿಶ್ವ ಆರೋಗ್ಯ ಸಂಸ್ಥೆ ಅಂದಾಜು ಮಾಡಿತ್ತು. ಒಲೆಯ ಮುಂದೆ ಕುಳಿತುಕೊಳ್ಳುವವರು ಹೆಂಗಸರು, ಅವರ ಮಗ್ಗುಲಲ್ಲಿ ಇರುವವರು ಸಣ್ಣ ಮಕ್ಕಳು. ಗಾಜು ಒಡೆದದ್ದು ಎಲ್ಲರಿಗೂ ಕೇಳಿಸುತ್ತದೆ. ಎದೆಯೊಳಗೆ ಹೊಗೆ ಕೂಡುವುದು ಯಾರಿಗೂ ಕೇಳಿಸುವುದಿಲ್ಲ. ಕೇಂದ್ರ ಸರಕಾರ 2016ರ ಮೇ 1ರಂದು ಉಜ್ವಲಾ ಯೋಜನೆ ಆರಂಭಿಸಿ ಬಡವರ ಮನೆಗಳಿಗೆ ಗ್ಯಾಸು ಮುಟ್ಟಿಸಲು ಹೊರಟಿದ್ದಕ್ಕೂ ಈ ಹೊಗೆಯೇ ಮುಖ್ಯ ಕಾರಣ.

ಎರಡನೆಯದು ಗೊಬ್ಬರ. ಒಂದು ಎತ್ತು ದಿನಕ್ಕೆ ಸುಮಾರು 10 ಕಿಲೋ ಹಸಿ ಸಗಣಿ ಹಾಕುತ್ತದೆಂದು ಹಿಡಿಯೋಣ. ಒಂದು ಜೋಡಿಯಿಂದ ವರ್ಷಕ್ಕೆ 7 ಟನ್ನಿಗಿಂತ ಹೆಚ್ಚು. ತಿಪ್ಪೆಯಲ್ಲಿ ಕಳಿತ ಮೇಲೆ ಅರ್ಧದಷ್ಟು, ಅಂದರೆ ಸುಮಾರು ಮೂರೂವರೆ ಟನ್ ಕೊಟ್ಟಿಗೆ ಗೊಬ್ಬರ ಉಳಿಯುತ್ತದೆ. ಶೇಕಡಾ ಅರ್ಧದಂತೆ ಅದರಲ್ಲಿ ಸುಮಾರು 17 ಕಿಲೋ ಸಾರಜನಕ ಇರುತ್ತದೆ. ಇದು 37 ಕಿಲೋ ಯೂರಿಯಾಕ್ಕೆ ಸಮ. ಕುಳ್ಳು ತಟ್ಟಿ ಸುಟ್ಟರೆ ರಂಜಕ, ಪೊಟ್ಯಾಷ್ ಬೂದಿಯಲ್ಲಿ ಉಳಿದಾವು, ಸಾರಜನಕ ಮಾತ್ರ ಹೊಗೆಯೊಡನೆ ಹಾರಿಹೋಗುತ್ತದೆ. ಸಾವಯವ ಅಂಶವಂತೂ ಪೂರ್ತಿ ನಷ್ಟ. ನಮ್ಮ ಎರೆಭೂಮಿಯ ಮಳೆಯಾಶ್ರಿತ ಬೇಸಾಯದಲ್ಲಿ ತೇವ ಹಿಡಿಯಲು, ಮಣ್ಣು ಹುಡಿಯಾಗಲು ಬೇಕಾದದ್ದು ಆ ಸಾವಯವ ಅಂಶವೇ. ಅದನ್ನು ಯಾವ ಚೀಲದಿಂದಲೂ ತರಲಾಗದು.

ಮೂರನೆಯದು ಹತ್ತಿಯ ಗುಲಾಬಿ ಕಾಯಿಕೊರಕ. ಬಿ.ಟಿ. ಹತ್ತಿ 2002ರಲ್ಲಿ ಬಂದಾಗ ಕಾಯಿಕೊರಕದ ಕಾಟ ಮುಗಿಯಿತೆಂದು ನಾವೆಲ್ಲ ತಿಳಿದಿದ್ದೆವು. ಗುಲಾಬಿ ಕಾಯಿಕೊರಕ ಅದಕ್ಕೂ ನಿರೋಧಶಕ್ತಿ ಬೆಳೆಸಿಕೊಂಡಿತು. ಗಿಡದಲ್ಲಿ ಉಳಿದ ಅರೆಬಿರಿದ, ಒಣಗಿದ ಕಾಯಿಗಳೊಳಗೆ ಈ ಹುಳು ಬೇಸಿಗೆಯನ್ನು ನಿದ್ರಾವಸ್ಥೆಯಲ್ಲಿ ಕಳೆದು, ಮಳೆ ಬಿದ್ದ ಮೇಲೆ ಪತಂಗವಾಗಿ ಹೊರಬಂದು ಹೊಸ ಬೆಳೆಗೆ ಹೋಗುತ್ತದೆ. ಉರುವಲಿಗೆಂದು ಮನೆಯ ಬದಿಗೆ ಒಟ್ಟಿದ ಹತ್ತಿಕಟ್ಟಿಗೆಯ ಬಣವೆ ಎಂದರೆ ಈ ಹುಳುವಿಗೆ ನಾವೇ ಕಟ್ಟಿಕೊಟ್ಟ ಛತ್ರ. ಕೊನೆಯ ಬಿಡಿಕೆ ಮುಗಿದೊಡನೆ ಗಿಡಗಳನ್ನು ಕಿತ್ತು ಪುಡಿ ಮಾಡಿ ಮಣ್ಣಿಗೆ ಸೇರಿಸಬೇಕೆಂದು ನಾವು ಹೇಳುತ್ತೇವೆ. ಆದರೆ ಮನೆಯಲ್ಲಿ ಬೇರೆ ಉರುವಲಿಲ್ಲದಿದ್ದರೆ ಈ ಮಾತನ್ನು ಯಾರು ಕೇಳಿಯಾರು? ಗ್ಯಾಸು ಉರಿಯುವ ಮನೆಯಲ್ಲಿ ಮಾತ್ರ ಈ ಸಲಹೆ ನಡೆದೀತು.

ಕೊಳ್ಳುವಾಗ ಗಮನಿಸಬೇಕಾದದ್ದು

* ಮನೆಯಲ್ಲಿ ದಿನವೂ ರೊಟ್ಟಿ ಆಗುತ್ತಿದ್ದು ಒಂದೇ ಒಲೆ ಕೊಳ್ಳುವುದಿದ್ದರೆ ದಪ್ಪ ತಗಡಿನ ಸ್ಟೇನ್‌ಲೆಸ್ ಸ್ಟೀಲ್ ಒಲೆಯನ್ನೇ ಕೊಳ್ಳಿರಿ. ಇದರಲ್ಲಿ ಯಾವ ಹಿಂಜರಿಕೆಯೂ ಬೇಡ.
* ಗಾಜಿನ ಒಲೆ ಈಗಾಗಲೇ ಇದ್ದರೆ ಅದನ್ನು ಅನ್ನ, ಸಾರು, ಪಲ್ಯಕ್ಕೆ ಇಟ್ಟುಕೊಂಡು, ರೊಟ್ಟಿಗೆಂದು ಒಂದು ಉರಿಯ ಉಕ್ಕಿನ ಒಲೆ ಬೇರೆ ಇಡಬಹುದು.
* ಐ.ಎಸ್.ಐ. ಗುರುತು ಇಲ್ಲದ ಒಲೆಯನ್ನು ಎಷ್ಟೇ ಅಗ್ಗವಾದರೂ ಕೊಳ್ಳಕೂಡದು.
* ಪಾತ್ರೆ ಇಡುವ ಕಾಲುಗಳು ಎತ್ತರವಾಗಿರಲಿ. ಬರ್ನರಿಗೂ ಗಾಜಿಗೂ ನಡುವೆ ಅಂತರ ಹೆಚ್ಚಿದ್ದಷ್ಟೂ ಗಾಜು ಕಡಿಮೆ ಕಾಯುತ್ತದೆ.
* ಗಾಜಿಗೆ ಎಷ್ಟು ವರ್ಷದ ಖಾತರಿ, ಯಾವ ಷರತ್ತು, ಬದಲಿ ಗಾಜು ಎಲ್ಲಿ ಸಿಗುತ್ತದೆ ಎಂದು ಅಂಗಡಿಯಲ್ಲೇ ಕೇಳಿ ಬರೆಸಿಕೊಳ್ಳಿರಿ.
* ಗೋಬರ್ ಗ್ಯಾಸ್ ಇರುವವರು ಅದಕ್ಕೆಂದೇ ಮಾಡಿದ ಒಲೆ ಕೊಳ್ಳಬೇಕು. ಸಿಲಿಂಡರಿನ ಒಲೆಯ ಸಣ್ಣ ರಂಧ್ರದಿಂದ ಗೋಬರ್ ಗ್ಯಾಸ್ ಸಾಕಷ್ಟು ಹಾಯುವುದಿಲ್ಲ.

ಬಳಸುವಾಗ ಪಾಲಿಸಬೇಕಾದದ್ದು

* ಒಲೆಯನ್ನು ಸಪಾಟಾದ ಕಟ್ಟೆಯ ಮೇಲೆ, ಸಿಲಿಂಡರಿಗಿಂತ ಎತ್ತರದಲ್ಲಿ ಇಡಿರಿ. ಸಿಲಿಂಡರ್ ಯಾವಾಗಲೂ ನೆಟ್ಟಗೆ ನಿಂತಿರಬೇಕು.
* ಉರಿ ಪಾತ್ರೆಯ ತಳದಿಂದ ಹೊರಗೆ ಚಾಚಕೂಡದು. ಒಲೆಯ ಅಂಚಿನಾಚೆಗೆ ಹೋಗುವಷ್ಟು ದೊಡ್ಡ ಪಾತ್ರೆಯನ್ನು ಇಡಬೇಡಿ.
* ಗಾಜಿನ ಒಲೆಯಲ್ಲೇ ರೊಟ್ಟಿ ಮಾಡಬೇಕಾದರೆ ಸಣ್ಣ ಹಂಚು, ನಡು ಉರಿ, ಹತ್ತು-ಹನ್ನೆರಡು ರೊಟ್ಟಿಗೊಮ್ಮೆ ಬಿಡುವು. ನೀರಿನ ಅರಿವೆ ಹಿಂಡಿರಲಿ.
* ಒಲೆ ಪೂರ್ತಿ ಆರಿದ ಮೇಲೆಯೇ ಒರೆಸಿರಿ. ಬೂದಿ, ಮಣ್ಣು, ತಂತಿಬ್ರಷ್ ಮುಟ್ಟಿಸಬೇಡಿ.
* ಗಾಜಿನಲ್ಲಿ ಸೀಳು ಅಥವಾ ಅಂಚಿನಲ್ಲಿ ಚಕ್ಕೆ ಎದ್ದದ್ದು ಕಂಡರೆ ಅಂದಿನಿಂದಲೇ ಬಳಕೆ ನಿಲ್ಲಿಸಿರಿ.
* ಕಾಳಿನ ಚೀಲಗಳಿರುವ ಮನೆಯಲ್ಲಿ ಇಲಿ ಇದ್ದೇ ಇರುತ್ತದೆ. ಅದು ರಬ್ಬರ್ ಕೊಳವೆಯನ್ನು ಕಡಿಯುತ್ತದೆ. ಆದುದರಿಂದ ಒಳಗೆ ತಂತಿಬಲೆಯಿರುವ ಸುರಕ್ಷಾ ಕೊಳವೆಯನ್ನೇ ಹಾಕಿಸಿ, ಐದು ವರ್ಷಕ್ಕೊಮ್ಮೆ ಬದಲಿಸಿರಿ.
* ಗಾಜು ಒಡೆದರೆ ಗಾಬರಿಯಾಗದೆ ಮೊದಲು ರೆಗ್ಯುಲೇಟರ್ ಮುಚ್ಚಿರಿ. ಹರಳುಗಳನ್ನು ಬರಿಗೈಯಿಂದ ಮುಟ್ಟಬೇಡಿ. ತೆರೆದಿದ್ದ ಅಡುಗೆಯನ್ನು ದನಕ್ಕೂ ಹಾಕದೆ ಚೆಲ್ಲಿರಿ.
* ಗ್ಯಾಸ್ ವಾಸನೆ ಬಂದರೆ ಲೈಟಿನ ಗುಂಡಿ ಮುಟ್ಟದೆ ಬಾಗಿಲು ತೆರೆಯಿರಿ. ಈ ಗ್ಯಾಸು ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ನಿಲ್ಲುತ್ತದೆ. ತುರ್ತು ಸಹಾಯಕ್ಕೆ 1906 ಸಂಖ್ಯೆಗೆ ಫೋನು ಮಾಡಬಹುದು.

ಕೊನೆಯ ಮಾತು

ಸ್ನಾನದ ನೀರು ಕಾಯಿಸಲು, ದನಗಳಿಗೆ ಹುರುಳಿ ಬೇಯಿಸಲು ಹಿತ್ತಲಿನಲ್ಲಿ ಕಟ್ಟಿಗೆ ಒಲೆ ಇದ್ದೇ ಇರುತ್ತದೆ. ಅಷ್ಟಕ್ಕಾದರೂ ಹೊಗೆ ಕೊಳವೆ ಇರುವ ಒಲೆ ಕಟ್ಟಿಕೊಳ್ಳಿರಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಆರಂಭವಾದ ಅಸ್ತ್ರ ಕೇಂದ್ರದವರು ಒಂದೇ ಉರಿಯಲ್ಲಿ ಮೂರು ಪಾತ್ರೆ ಕಾಯುವ ಅಸ್ತ್ರ ಒಲೆಯನ್ನು ರೂಪಿಸಿದ್ದು ನಮ್ಮ ಹಿರಿಯರಿಗೆ ನೆನಪಿರಬಹುದು. ಆದರೆ ದಿನದ ಅಡುಗೆ ಹೊಗೆಯಿಂದ ಹೊರಬರಲೇಬೇಕು.

ಅಕ್ಕನ ಮನೆಯ ಕಥೆ ಅಲ್ಲಿಗೇ ಮುಗಿಯಲಿಲ್ಲ. ಹುಬ್ಬಳ್ಳಿಯಿಂದ ಎರಡು ಉರಿಯ ಉಕ್ಕಿನ ಒಲೆಯೊಂದನ್ನು ತಂದು, ಕಟ್ಟೆಯ ಮೇಲಿಟ್ಟು, ಹೊಸ ಕೊಳವೆ ಹಾಕಿಸಿ, ಅವಳ ಎದುರಿಗೆ ನಾನೇ ಹಂಚು ಇಟ್ಟೆ. ಮೊದಲ ದಿನ ಅವಳು ದೂರ ನಿಂತೇ ನೋಡಿದಳು. ನಾನು ಬಡಿದ ರೊಟ್ಟಿ ಹರಿದು ಹಂಚಿಗೆ ಅಂಟಿದ್ದನ್ನು ಕಂಡು ತಡೆಯಲಾರದೆ "ಸರಿ ಆಕಡೆ" ಎಂದು ತಾನೇ ಕುಳಿತಳು. ಮರುವರ್ಷ ಭಾವನವರು ಹತ್ತಿಕಟ್ಟಿಗೆಯನ್ನು ಪುಡಿ ಮಾಡಿಸಿ ಹೊಲಕ್ಕೇ ಬಿಟ್ಟರು. ಗೋಡೆಯ ಬದಿಯಲ್ಲಿ ಬಣವೆ ಇದ್ದ ಜಾಗದಲ್ಲಿ ಈಗ ಕರಿಬೇವಿನ ಗಿಡವಿದೆ.

ಆದುದರಿಂದ ಬಾಂಧವರೇ, ಗಾಜಿನ ಒಲೆ ಕೊಳ್ಳುವುದೂ ಬಿಡುವುದೂ ನಿಮ್ಮ ಅಡುಗೆಯನ್ನು ನೋಡಿ ನಿರ್ಧರಿಸಬೇಕಾದ ವಿಷಯ. ನಿರ್ಧರಿಸುವ ಮುನ್ನ ಒಲೆಯ ಮುಂದೆ ಕುಳಿತುಕೊಳ್ಳುವವರನ್ನು ಕೇಳಿರಿ. ಗಾಜು ಒಡೆದರೆ ಗಾಜನ್ನು ಬದಲಿಸಿರಿ, ಇಲ್ಲವೇ ಒಲೆಯನ್ನು ಬದಲಿಸಿರಿ. ಹೊಗೆಗೆ ಮಾತ್ರ ಹಿಂದಿರುಗಬೇಡಿ.